ಮರದ ಬೊಡ್ಡೆಯಲ್ಲಿ ಸಿಕ್ಕ ಎಲುಬು

ಈಸ್ಟರ್ ಮುಗಿದ ವಾರ ನಾವು ಯುವಜನರೆಲ್ಲ ಶಂಕಗಿರಿಯ ಕೋಟೆ ಹತ್ತಿದೆವು. ದಾರಿಯಲ್ಲಿ ಬಂಡೆಯ ಮೇಲೆ ಓತಿಕೇತವೊಂದು ತಲೆಯಾಡಿಸುತ್ತಾ ಬಿಸಿಲು ಕಾಯಿಸುತ್ತಿತ್ತು. "ಅಣ್ಣಾ, ಇದರ ಪೂರ್ವಜರ ಎಲುಬು ಈ ಬೆಟ್ಟದಲ್ಲಿ ಸಿಗುತ್ತಾ?" ಎಂದಳು ನಮ್ಮಲ್ಲೊಬ್ಬಳು. ಅವಳಿಗೆ ಭೂವಿಜ್ಞಾನ ಓದುವ ಆಸೆ. ಅವಳ ಅಜ್ಜಿಗೆ ಮಾತ್ರ ಭಯ: "ಅದನ್ನೆಲ್ಲ ಓದಿದ್ರೆ ದೇವರನ್ನೇ ಬಿಟ್ಟುಬಿಡ್ತೀಯ ಕಣೇ."

ನಮಗೆ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಕೆಳಗಿಳಿದ ಮೇಲೆ ಒಟ್ಟಾಗಿ ಕೂತು ಓದಿದೆವು.

ನಮ್ಮ ಬೆಟ್ಟ ಗ್ರಾನೈಟಿನದು. ನೆಲದಾಳದಲ್ಲಿ ಕರಗಿದ್ದ ಶಿಲೆ ತಣಿದು ಆದ ಕಲ್ಲಿನಲ್ಲಿ ಎಲುಬು ಇರುವುದಿಲ್ಲ. ಪಳೆಯುಳಿಕೆ ಉಳಿಯಲು ಕೆಸರು, ಮರಳು ಪದರಪದರವಾಗಿ ಕೂತು ಗಟ್ಟಿಯಾಗಬೇಕು. ಅರಿಯಲೂರಿನಲ್ಲಿ ಅಂಥ ಕಲ್ಲುಂಟು. ಆದರೆ ಅದು ಡೈನೋಸಾರ್‌ಗಳ ಕಾಲದ್ದು. ಮೊದಲ ಸರೀಸೃಪಗಳು ಅದಕ್ಕಿಂತ ಎಷ್ಟೋ ಹಳೆಯವು.

ಅವುಗಳನ್ನು ಹುಡುಕುತ್ತಾ ಕೆನಡಾದ ಜಾಗಿನ್ಸ್ ಎಂಬ ಕಡಲತೀರಕ್ಕೆ ಹೋಗಬೇಕಾಯಿತು. ಸುಮಾರು 31 ಕೋಟಿ ವರ್ಷಗಳ ಹಿಂದೆ ಅಲ್ಲಿ ಜೌಗು ಕಾಡಿತ್ತು. ಪ್ರವಾಹದ ಕೆಸರಿನಲ್ಲಿ ಮರಗಳು ನಿಂತಂತೆಯೇ ಹೂತುಹೋದವು, ಒಳಗೆ ಕೊಳೆತು ಪೊಳ್ಳಾದವು. ಅಂಥ ಬೊಡ್ಡೆಗಳಲ್ಲಿ ಜಾನ್ ವಿಲಿಯಂ ಡಾಸನ್ ಸಣ್ಣ ಎಲುಬುಗಳನ್ನು ಕಂಡ. 1860ರಲ್ಲಿ ಒಂದಕ್ಕೆ ಹೈಲೋನೋಮಸ್ ಎಂದು ಹೆಸರಿಟ್ಟ. ಬಾಲ ಸೇರಿ ಒಂದು ಗೇಣಿನಷ್ಟು ಉದ್ದ, ನೋಡಲು ನಮ್ಮ ಹಲ್ಲಿಯಂತೆ. ಕಪ್ಪೆಯಂಥ ಬಹುತೇಕ ಉಭಯಚರಗಳು ಮೊಟ್ಟೆಯಿಡಲು ನೀರಿಗೇ ಮರಳಬೇಕು. ಸರೀಸೃಪಗಳ ಮೊಟ್ಟೆಯಲ್ಲಿ ಮರಿಗೆ ಬೇಕಾದ ನೀರು ಒಳಗೇ ಇರುತ್ತದೆ. ಒಣನೆಲದಲ್ಲಿ ಬದುಕು ಹರಡಿದ್ದು ಹೀಗೆ.

ಡಾಸನ್ ದೃಢ ಕ್ರೈಸ್ತ. ಡಾರ್ವಿನ್ನನ ವಿಕಾಸವಾದವನ್ನು ಅವನು ಒಪ್ಪಲೇ ಇಲ್ಲ. ಆದರೂ ಸಿಕ್ಕ ಎಲುಬನ್ನು ಮುಚ್ಚಿಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟ. ನೂರು ವರ್ಷದ ಮೇಲೆ, 1964ರಲ್ಲಿ, ರಾಬರ್ಟ್ ಕ್ಯಾರಲ್ ಅವೇ ಎಲುಬುಗಳನ್ನು ಮತ್ತೆ ಪರಿಶೀಲಿಸಿ ಅತಿ ಹಳೆಯ ಸರೀಸೃಪಗಳ ಸಾಲಿನಲ್ಲಿ ಕೂರಿಸಿದ. 2025ರಲ್ಲಿ ಆಸ್ಟ್ರೇಲಿಯಾದ ಕಲ್ಲೊಂದರಲ್ಲಿ ಸುಮಾರು 35 ಕೋಟಿ ವರ್ಷ ಹಳೆಯ ಉಗುರಿನ ಹೆಜ್ಜೆಗುರುತುಗಳು ಹೊರಬಿದ್ದವು. ಕಥೆ ಇನ್ನೂ ಹಿಂದಕ್ಕೆ ಹೋಯಿತು.

ಇದನ್ನೆಲ್ಲ ಅಜ್ಜಿಗೆ ಹೇಳಿದೆವು, ಡಾಸನ್ ಒಪ್ಪದೇ ಹೋದದ್ದನ್ನೂ ಬಿಡದೆ. ಅಜ್ಜಿ ಸುಮ್ಮನೆ ಕೇಳಿಸಿಕೊಂಡರು.

"ಕೊನೇತನಕ ದೇವರನ್ನ ನಂಬಿದ್ನಾ ಅವನು?"

"ಹೌದಜ್ಜಿ."

"ಸುಳ್ಳೂ ಬರೀಲಿಲ್ಲ?"

"ಇಲ್ಲಜ್ಜಿ."

ಸ್ವಲ್ಪ ಹೊತ್ತು ಬಿಟ್ಟು ಮೊಮ್ಮಗಳ ಕಡೆ ತಿರುಗಿದರು. "ಕಾಲೇಜಿನ ಅರ್ಜಿ ಯಾವಾಗ ಕೊಡ್ತಾರೆ?"

ಗೆಳೆಯರೇ, ಅರ್ಜಿ ಹಾಕಿ ಆಗಿದೆ. ಅವಳಿಗಾಗಿ ಪ್ರಾರ್ಥಿಸಿ.