ಎರಡು ಸುತ್ತು ಹೋಗಿ ನಿಂತ ಸ್ಕ್ರೂ

ಬಳೆ ಅಂಗಡಿಯಲ್ಲಿ ನಾವು ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಕೇಳಿ ಪಡೆಯುತ್ತೇವೆ. ಎರಡು-ಆರು ಎಂದರೆ ಏನೆಂದು ವಿಚಾರಿಸಿದರೆ ಹೆಚ್ಚಿನವರು ಕೈ ಮುಂದೆ ಚಾಚಿ ನಗುತ್ತಾರೆ. ಅದು ಬಳೆಯ ಒಳ ಅಗಲ: ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರು ಪಾಲುಗಳಲ್ಲಿ ಆರು ಪಾಲು. 1956ರ ಕಾನೂನಿನ ನಂತರ ದೇಶವೆಲ್ಲ ಮೀಟರಿಗೆ ಬದಲಾಯಿತು. ನಮ್ಮ ಮುಂಗೈ ಮಾತ್ರ ಇಂಚಿನಲ್ಲೇ ಉಳಿದಿದೆ. ಹಾಗೆ ಉಳಿದಿರುವ ಇನ್ನೊಂದು ವಸ್ತು ಹೊಲಿಗೆ ಯಂತ್ರ. ನಮ್ಮ ಮನೆಮಾತಿನಲ್ಲಿ ಬಳೆಗೂ ಚೂಡಿ, ಸ್ಕ್ರೂವಿನ ಸುತ್ತಿಗೂ ಚೂಡಿ ಎಂದೇ ಹೆಸರು. ಈ ಹೋಲಿಕೆ ಎಷ್ಟು ಸರಿ ಎಂಬುದು ನನಗೆ ಅರ್ಥವಾದದ್ದು ಖಾಲಾ ಅವರ ಯಂತ್ರ ಕೆಟ್ಟಾಗ.

ಖಾಲಾ ಇರುವುದು ಅರಸೀಕೆರೆಯಲ್ಲಿ. ಖಾಲು ತೀರಿಕೊಂಡ ನಂತರ ಮೂರು ಮಕ್ಕಳನ್ನು ದಡ ಸೇರಿಸಿದ್ದು ಒಂದು ಕಪ್ಪು ತಲೆಯ ಹಳೆಯ ಯಂತ್ರ. ಮಹ್ರ್‌ನ ಹಣದಿಂದ ಕೊಂಡದ್ದು. ಆದ್ದರಿಂದ ಅದು ಆ ಮನೆಯಲ್ಲಿ ಪೂರ್ತಿಯಾಗಿ ಅವರದೇ ಎನ್ನಬಹುದಾದ ಆಸ್ತಿ. ಒಂದು ರಮಝಾನಿನ ಇಪ್ಪತ್ತನೆಯ ಉಪವಾಸದಂದು, ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಇದೆಯಲ್ಲ, ಅದನ್ನು ಬಿಗಿಯುವ ಸ್ಕ್ರೂ ಸವೆದು ನಿಲ್ಲದಾಯಿತು. ಮಗ ಕರೆಂಟು ಸಾಮಾನಿನ ಅಂಗಡಿಯಿಂದ ಅಂಥದ್ದೇ ಒಂದನ್ನು ತಂದ. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬಿಗಿಯಾಯಿತು. "ಹೊಸದು, ಎಣ್ಣೆ ಹಾಕಿ ತಿರುಗಿಸಿ" ಎಂದಿದ್ದರಂತೆ ಅಂಗಡಿಯವರು. ಹುಡುಗ ಇಕ್ಕಳ ಹಿಡಿದು ತಿರುಗಿಸಿದ. ಹೊಳೆಯುವ ಕಬ್ಬಿಣದ ಪುಡಿ ಉದುರಿತು. ಮರುದಿನ ಫೂಟ್ ಅಲುಗಾಡಿ, ಸೂಜಿ ಅದಕ್ಕೆ ತಾಗಿ ಮುರಿಯಿತು.

ಈದ್‌ಗೆ ಕೊಡಬೇಕಾದ ಹದಿನಾಲ್ಕು ಜೊತೆ ಬಟ್ಟೆ ಮನೆಯಲ್ಲಿತ್ತು. ಮುಂಗಡ ತೆಗೆದುಕೊಂಡಾಗಿತ್ತು. ಅದು ಮಗಳ ಕಾಲೇಜು ಫೀಸಿಗೆ ಹೋಗಿಯೂ ಆಗಿತ್ತು. ಲೇತ್ ಕೆಲಸದವರೊಬ್ಬರು ತೂತನ್ನು ದೊಡ್ಡದು ಮಾಡಿ ದಪ್ಪ ಸ್ಕ್ರೂ ಕೂರಿಸುವುದಾಗಿ ಹೇಳಿದರು. ಖಾಲಾ ನನಗೆ ಫೋನ್ ಮಾಡಿದರು.

ನಾನಿರುವುದು ಬೇಲೂರಿನಲ್ಲಿ. ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜ ಹಳೇಬೀಡಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಅವರಲ್ಲಿ ಕೇಳಿದೆ. "ತೂತು ಕೊರೆಯಬೇಡಿ ಅನ್ನಿ ಆಪಾ, ಆಮೇಲೆ ಅದಕ್ಕೆ ಯಾವ ಸಾಮಾನೂ ಸೇರುವುದಿಲ್ಲ. ಆ ಸರಳು ಬಿಚ್ಚಿಸಿ ತರಿಸಿ. ಹಳೆಯ ಸ್ಕ್ರೂ ಇದ್ದರೆ ಅದನ್ನೂ ತರಿಸಿ" ಎಂದರು. ಖಾಲಾ ಹಳೆಯದನ್ನು ಎಸೆದಿರಲಿಲ್ಲ. ಗುಂಡಿ ಡಬ್ಬದಲ್ಲಿತ್ತು. ಮಗ ಎರಡನ್ನೂ ಬಸ್ಸಿನಲ್ಲಿ ತಂದ.

ಮಿಸ್ತ್ರಿ ಚಾಚಾ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ದಪ್ಪ ನೋಡಿದರು. ಮೂರೂವರೆ ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಸ್ಕ್ರೂವಿನ ತುದಿ ಸವೆದಿದ್ದರೂ ತಲೆಯ ಹತ್ತಿರದ ಸುತ್ತುಗಳು ಚೆನ್ನಾಗಿದ್ದವು. ಆ ಭಾಗವನ್ನೇ ಅಳೆಯಬೇಕಂತೆ. ನಂತರ ಒದ್ದೆ ಸೋಪಿನ ಮೇಲೆ ಸ್ಕ್ರೂವನ್ನು ಅಡ್ಡ ಮಲಗಿಸಿ ಒತ್ತಿದರು. ಬಾಚಣಿಗೆಯ ಹಲ್ಲಿನಂತೆ ಗೆರೆ ಮೂಡಿತು. ಸ್ಕೇಲಿಟ್ಟು ಎಣಿಸಿದರು. ಕಾಲು ಇಂಚಿಗೆ ಹತ್ತು ಗೆರೆ. ಎಂದರೆ ಇಂಚಿಗೆ ನಲವತ್ತು ಸುತ್ತು. ಖಚಿತಕ್ಕಾಗಿ ಪಿಚ್ ಗೇಜ್ ತೆಗೆದರು. ಅದು ಗರಗಸದ ಹಲ್ಲಿನ ಸಣ್ಣ ಸಣ್ಣ ಎಲೆಗಳ ಗೊಂಚಲು. ನಲವತ್ತರ ಎಲೆಯನ್ನು ಸ್ಕ್ರೂವಿಗೆ ಹೊಂದಿಸಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕೇ ತೂರಲಿಲ್ಲ. "ಒಂಬತ್ತು-ಅರುವತ್ನಾಲ್ಕು, ನಲವತ್ತು" ಎಂದರು. ನಮ್ಮ ಎರಡು-ಆರರ ಹಾಗೆಯೇ: ಇಂಚಿನ ಅರುವತ್ತನಾಲ್ಕು ಪಾಲಿನಲ್ಲಿ ಒಂಬತ್ತು ಪಾಲು ದಪ್ಪ.

ಹುಡುಗ ತಂದದ್ದು ಹಳೆಯ ರೇಡಿಯೊ, ಕರೆಂಟು ಸಾಮಾನುಗಳಿಗೆ ಹಾಕುತ್ತಿದ್ದ ಬಿ.ಎ. ಜಾತಿಯ 4ನೇ ನಂಬರು. ಅದರ ದಪ್ಪ 3.6 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ ಅದರಲ್ಲಿ ಇಂಚಿಗೆ ಮೂವತ್ತೆಂಟೂವರೆ ಸುತ್ತು. ಒಂದು ಸುತ್ತಿಗೆ ಮಿಲಿಮೀಟರಿನ ನಲವತ್ತನೆಯ ಒಂದು ಪಾಲು ವ್ಯತ್ಯಾಸ. ಎರಡು ಸುತ್ತಿಗೆ ಅದು ಗೊತ್ತಾಗುವುದಿಲ್ಲ. ಸುತ್ತು ಹೆಚ್ಚಿದಂತೆ ವ್ಯತ್ಯಾಸ ಸೇರುತ್ತಾ ಹೋಗಿ ಕಚ್ಚುತ್ತದೆ. ಹಲ್ಲಿನ ಕೋನವೂ ಬೇರೆ: ಬಿ.ಎ.ಗೆ 47.5 ಡಿಗ್ರಿ, ಇಂದಿನ ಮೆಟ್ರಿಕ್ ಸ್ಕ್ರೂವಿಗೆ 60. ಬಲ ಹಾಕಿದರೆ ಗಟ್ಟಿ ಲೋಹ ಗೆಲ್ಲುತ್ತದೆ, ಮೆತ್ತನೆಯದು ಪುಡಿಯಾಗುತ್ತದೆ.

ಹೊಲಿಗೆ ಯಂತ್ರಕ್ಕೆ ಏಕೆ ಈ ವಿಚಿತ್ರ ಅಳತೆ ಎಂದು ಕುತೂಹಲವಾಗಿ ಓದಿ ನೋಡಿದೆ. ಒಂದು ಕಾಲದಲ್ಲಿ ಒಬ್ಬೊಬ್ಬ ಕಮ್ಮಾರನ ಸ್ಕ್ರೂ ಒಂದೊಂದು ತೆರ. ನಮ್ಮ ಬೇಲೂರು, ಹಳೇಬೀಡಿನ ದೇಗುಲಗಳ ತಿರುಗಿಸಿ ಕಡೆದ ಕಂಬಗಳನ್ನು ನೋಡಿ, ಒಂದರ ಬಳೆಗಳನ್ನು ಇನ್ನೊಂದಕ್ಕೆ ತೊಡಿಸಬೇಕಾದ ಅಗತ್ಯ ಅಲ್ಲಿಲ್ಲ. ಸ್ಕ್ರೂವಿಗೆ ಆ ಅಗತ್ಯವಿದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್ ಎಲ್ಲರಿಗೂ ಒಂದೇ ಅಳತೆ ಇರಲೆಂದು ಪಟ್ಟಿ ಮಾಡಿದರು. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ ಅಂಥ ಪಟ್ಟಿ ಕೊಟ್ಟದ್ದು 1864ರಲ್ಲಿ. ಸಿಂಗರ್ ಕಂಪೆನಿ ಶುರುವಾದದ್ದು 1851ರಲ್ಲಿ. ಪಟ್ಟಿ ಬರುವ ಹೊತ್ತಿಗೆ ಅದರ ಯಂತ್ರಗಳು ತಮ್ಮದೇ ಅಳತೆಯಲ್ಲಿ ಮನೆ ಮನೆ ಸೇರಿದ್ದವು. ಆಮೇಲೆ ಬದಲಿಸಿದರೆ ಅಷ್ಟೂ ಯಂತ್ರಗಳಿಗೆ ಬಿಡಿಭಾಗ ಸಿಗದು. ನಂತರ ಬಂದವರೂ ಆ ಜಾಡನ್ನೇ ಹಿಡಿದರು. ಇಂದಿನ ಜಪಾನಿ ಕಾರ್ಖಾನೆ ಯಂತ್ರಗಳ ಪಟ್ಟಿಯಲ್ಲೂ 9/64-40, 11/64-40 ಎಂದೇ ಇದೆ.

ಹಳೆಯ ಬಂದೂಕು ರಿಪೇರಿಯವರದೂ ಇದೇ ಪಾಡು. ಬ್ರಿಟಿಷರ ಎನ್‌ಫೀಲ್ಡ್ ಕಾರ್ಖಾನೆಗೆ ತನ್ನದೇ ಸುತ್ತುಗಳಿದ್ದವು. ಈಗ ಇಟಲಿಯಲ್ಲಿ ತಯಾರಾಗುವ ಹಳೆ ಬಂದೂಕುಗಳ ಎಷ್ಟೋ ನಕಲುಗಳಿಗೆ ಹೊರಗೆ ಅಜ್ಜನ ವೇಷ, ಒಳಗೆ ಮೆಟ್ರಿಕ್ ಸ್ಕ್ರೂ. ಮುಖ ನೋಡಿ ಅಳತೆ ಊಹಿಸಿದವರು ಕೆಡಿಸಿಯೇ ಏಳುತ್ತಾರೆ.

ಸೂರಃ ಸಬಾ ಪಾಠ ಮಾಡುವಾಗ ನನಗೀಗ ಚಾಚಾರ ಸೋಪು ನೆನಪಾಗುತ್ತದೆ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ. ಕಬ್ಬಿಣ ಮೆತ್ತಗಾಯಿತು, ಇನ್ನು ಹೇಗೆ ಮಾಡಿದರೂ ಆದೀತು ಎಂದು ಬಿಡಲಿಲ್ಲ. ಕವಚದ ಬಳೆಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ಆಜ್ಞೆಯೂ ಜೊತೆಯಲ್ಲೇ ಇದೆ. ಪ್ರವಾದಿಯವರ ಕೈಗೇ ಅಳತೆಯ ಕಟ್ಟಳೆ ಇದ್ದ ಮೇಲೆ, ಇಕ್ಕಳದ ಬಲವನ್ನೇ ನಂಬುವ ನಾವೆಷ್ಟರವರು!

ಚಾಚಾ ಗುಜರಿ ಯಂತ್ರಗಳಿಂದ ಬಿಚ್ಚಿಟ್ಟ ಸ್ಕ್ರೂಗಳ ಡಬ್ಬದಿಂದ ಅದೇ ಅಳತೆಯ ಎರಡನ್ನು ಆರಿಸಿದರು. ಗಟ್ಟಿ ಉಕ್ಕಿನ ಒಂದಕ್ಕೆ ಉದ್ದಕ್ಕೆ ಮೂರು ಗೀರು ಕೊರೆದು, ಎಣ್ಣೆ ಹಚ್ಚಿ, ಸರಳಿನ ತೂತಿನಲ್ಲಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ನಡೆಸಿದರು. ಕೆಟ್ಟ ಹಲ್ಲುಗಳು ಸಾಕಷ್ಟು ಸರಿಯಾದವು. ಇನ್ನೊಂದು ಸ್ಕ್ರೂ ಬೆರಳಿನಲ್ಲೇ ಕೊನೆಯವರೆಗೂ ಹೋಯಿತು. ಅದೇ ಪರೀಕ್ಷೆ ಎಂದರು ಚಾಚಾ. ಕೊನೆಯ ಬಿಗಿತ ಬಿಟ್ಟು ಉಳಿದ ಸುತ್ತುಗಳಿಗೆ ಇಕ್ಕಳ ಬೇಕಾದರೆ ಅದು ಆ ತೂತಿನದಲ್ಲ.

ಖಾಲಾ ಈದ್‌ಗೆ ಮುಂಚೆ ಹನ್ನೊಂದು ಜೊತೆ ಮುಗಿಸಿದರು. ಇಬ್ಬರು ಈದ್ ಕಳೆದ ಮೇಲೆ ಒಯ್ದರು. ಒಬ್ಬರು ಬೇಸರಿಸಿ ಬಟ್ಟೆ ವಾಪಸು ಪಡೆದರು. ಅವರ ಮುಂಗಡವನ್ನು ಖಾಲಾ ಎರಡು ಕಂತಿನಲ್ಲಿ ತೀರಿಸಿದರು. ಈಗ ಅವರ ಯಂತ್ರದ ಡ್ರಾಯರಿನಲ್ಲಿ ಒಂದು ಚೀಟಿ ಇದೆ. ಫೂಟ್, ಸೂಜಿ, ತಟ್ಟೆ, ಮೂರರ ಸ್ಕ್ರೂಗಳ ಅಳತೆಯನ್ನೂ ಚಾಚಾರಿಂದ ಬರೆಸಿ ತರಿಸಿದ್ದಾರೆ, ಒಂದೊಂದು ಹೆಚ್ಚುವರಿ ಸ್ಕ್ರೂ ಸಮೇತ.