ಕಲ್ಲಿನ ನಾದ, ಅತಿಥಿಯ ಉಸಿರು

ಹೊಸಪೇಟೆಯಿಂದ ಕಮಲಾಪುರದ ಹಾದಿ ಹಿಡಿದು ಹಂಪೆಗೆ ಹೊರಟ ಯಾತ್ರಿಕನಿಗೆ ಬಾಳೆಯ ತೋಟಗಳೂ ಕಬ್ಬಿನ ಗದ್ದೆಗಳೂ ಕೊಂಚ ದೂರ ಜೊತೆಗೊಡುತ್ತವೆ. ದಕ್ಷಿಣಕ್ಕೆ ಸಂಡೂರಿನ ಗಿರಿಶ್ರೇಣಿ; ಉತ್ತರಕ್ಕೆ ಬಂಡೆಗಳ ನಡುವೆ ಬಳಸಿ ಕಂಪ್ಲಿಯತ್ತ ಸಾಗುವ ತುಂಗಭದ್ರೆ. ವಿಜಯವಿಠ್ಠಲನ ಗುಡಿಗೆ ಬಂದವನು ಕಲ್ಲಿನ ರಥವನ್ನು ಕಣ್ತುಂಬ ಕಂಡು, ಮರುಗಳಿಗೆಯಲ್ಲೇ ಕೇಳುವ ಪ್ರಶ್ನೆ ಒಂದೇ: “ಸಂಗೀತದ ಕಂಬಗಳೆಲ್ಲಿ?”

ಕಂಬಗಳೇನೋ ಇವೆ, ಅವುಗಳನ್ನು ತಟ್ಟಲು ಅಪ್ಪಣೆಯಿಲ್ಲ. ನಾದ ಕೇಳುವ ಚಪಲದಿಂದ ಕುಟ್ಟಿದ ಕೈಗಳು ಕಲ್ಲಿಗೆ ಕೇಡು ತಂದುದರಿಂದ ಈ ಕಟ್ಟಳೆ ಬಂದಿದೆ. ಹಾಗೆಂದು ಹಂಪೆಯ ಸಂಗೀತ ಮೂಕವಾಯಿತೆಂದು ಮರುಗಬೇಕಾಗಿಲ್ಲ.

ಗುಡಿಯಿಂದ ಹೊಳೆಯ ಕಡೆಗೆ ಇಳಿದರೆ ಪುರಂದರ ಮಂಟಪ. 1953ರಲ್ಲಿ ಕಟ್ಟಿ ಮುಗಿದ ಅಣೆಕಟ್ಟಿನಿಂದ ಮಳೆಗಾಲದಲ್ಲಿ ನೀರು ಬಿಟ್ಟಾಗ ಅದು ಮುಳುಗುತ್ತದೆ. ಪ್ರವಾಹ ಇಳಿದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಾಸರು 1564ರಲ್ಲಿ ಹರಿಪಾದ ಸೇರಿದರೆಂಬುದು ಸಂಪ್ರದಾಯ. ಮರುವರ್ಷವೇ ಸಾಮ್ರಾಜ್ಯ ಕುಸಿಯಿತು. ಅರಮನೆ ಬಿದ್ದಿತು, ಪಾಠ ಬೀಳಲಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಅವರು ಹಾಕಿಕೊಟ್ಟರೆನ್ನುವ ಸರಳೆ, ಜಂಟಿ ವರಸೆಗಳಿಂದಲೇ ಇಂದಿಗೂ ಸಂಗೀತಾಭ್ಯಾಸಕ್ಕೆ ಮೊದಲು.

ಆ ಪಾಠದ ಮನೆಗೆ ದೂರದಿಂದ ಬಂದ ಅತಿಥಿಗಳಲ್ಲಿ ಸ್ಯಾಕ್ಸೊಫೋನ್ ಒಂದು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ಹಿತ್ತಾಳೆಯ ವಾದ್ಯವನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮನಸೋತವರು, ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆತನದಲ್ಲಿ ಬೆಳೆದ ಅವರು, ಗಮಕಗಳಿಗೆ ಒಗ್ಗುವಂತೆ ವಾದ್ಯವನ್ನು ಮಾರ್ಪಡಿಸಿಕೊಂಡು, ವರುಷಗಟ್ಟಲೆ ಸಾಧನೆಯಿಂದ ಅದಕ್ಕೆ ನಮ್ಮ ರಾಗಗಳನ್ನು ಕಲಿಸಿದರು.

1980ರಲ್ಲಿ ಬೊಂಬಾಯಿಯ ಜಾಸ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿದರು. ಜಾಸ್ ಲೋಕದಲ್ಲಿ ಇಂಥ ಆತಿಥ್ಯ ಅಪರೂಪವಲ್ಲ. ಗೊತ್ತಾದ ಸ್ವರಮೇಳಗಳ ಕಟ್ಟನ್ನೇ ಕಳಚಿದ ‘ಫ್ರೀ ಜಾಸ್’ ಪಂಥದವರಾದ ಸ್ವೀಡನ್, ನಾರ್ವೆಗಳ ‘ದಿ ಥಿಂಗ್’ ತಂಡದವರು ಅಮೆರಿಕದ ಜೋ ಮೆಕ್ಫೀಯವರನ್ನು ಅತಿಥಿಯಾಗಿ ಕರೆದು ಜೊತೆಯಲ್ಲಿ ನುಡಿಸಿದ್ದಾರೆ. ನಮ್ಮ ಮನೋಧರ್ಮದ ಸ್ವಾತಂತ್ರ್ಯ ಬೇರೆ ಬಗೆಯದು. ಶ್ರುತಿಯ ಆಸರೆಯನ್ನೂ ರಾಗದ ಎಲ್ಲೆಯನ್ನೂ ಒಪ್ಪಿಕೊಂಡೇ ಅದು ಹಾರುತ್ತದೆ. ಆದರೆ ಎರಡು ಕಡೆಯಲ್ಲಿಯೂ ನಿಯಮವೊಂದುಂಟು: ನುಡಿಸುವ ಮೊದಲು ಎದುರಿನವನಿಗೆ ಕಿವಿಗೊಡಬೇಕು.

ಗೋಪಾಲನಾಥರು 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2019ರಲ್ಲಿ ಕಾಲವಾದರು. ಇಂದು ಕನ್ನಡನಾಡಿನ ಎಷ್ಟೋ ಮದುವೆ ಮಂಟಪಗಳಲ್ಲಿ ಮುಹೂರ್ತಕ್ಕೆ ಮೊಳಗುವುದು ಸ್ಯಾಕ್ಸೊಫೋನ್. ಅದನ್ನು ಪರದೇಶದ್ದೆಂದು ನೆನೆಯುವವರು ವಿರಳ.

ಹಂಪೆಗೆ ಹೋದವರು ವಿಠ್ಠಲನ ಕಂಬಗಳನ್ನು ಕಣ್ಣಿನಿಂದಲೇ ಮುಟ್ಟಿ ಮರಳಿದರೆ ಸಾಕು. ಕಲ್ಲು ಒಮ್ಮೆ ಬಿರಿದರೆ ಮತ್ತೆ ಕೂಡದು. ನಾದವಾದರೋ, ಮನೆಯ ಮಗುವೊಂದು ಸಂಜೆಯ ದೀಪ ಹಚ್ಚಿದ ಮೇಲೆ ಸರಳೆ ವರಸೆಗೆ ಕುಳಿತಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ.