ಗೆದ್ದವರು ಯಾರು, ದುಡ್ಡು ಯಾರದು

ದೇಶದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಗೆದ್ದದ್ದು ಒಂದು ಬಟ್ಟೆ ಗಿರಣಿ. 1996–97ರಲ್ಲಿ ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ಮಿಲ್ಸ್ ತಂಡ ಚಾಂಪಿಯನ್ ಆಯಿತು. ಮಧುಗಿರಿ ಕಡೆಯ ನಮ್ಮ ಐ.ಡಿ.ಹಳ್ಳಿಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಕುಂಬ್ಳೆ, ಶ್ರೀನಾಥ್ ಇಬ್ಬರೂ ಒಂಬತ್ತನೇ ವಿಕೆಟ್ಟಿಗೆ ಕಚ್ಚಿ ನಿಂತು ಆಸ್ಟ್ರೇಲಿಯಾವನ್ನು ಸೋಲಿಸಿದ್ದರು. ಕಡಲೆಕಾಯಿ ಕೀಳುವ ಹೊಲದಲ್ಲೂ ಅದೇ ಮಾತು, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೂ ಅದೇ ಮಾತು.

ಕ್ರಿಕೆಟ್ ಮಾತಾಡುವುದಕ್ಕೆ, ಆಡುವುದಕ್ಕೆ ನಮಗಿದ್ದದ್ದು ವಾಲಿಬಾಲ್, ಕಬಡ್ಡಿ, ಖೋಖೋ. ಫುಟ್‌ಬಾಲ್ ಎಂಬುದು ಶಾಲೆಯ ಬೀರುವಿನೊಳಗೆ ಒಂದಿತ್ತು. ಚರ್ಮದ ಚೆಂಡು, ಒಳಗೆ ಬ್ಲ್ಯಾಡರು, ಬಾಯಿಗೆ ಲೇಸು. ನಮ್ಮ ಕಡೆ ಮಳೆಗೆ ಬರವಿರಬಹುದು, ಜಾಲಿ ಮುಳ್ಳಿಗಿಲ್ಲ. ಒಂದು ಚುಚ್ಚಿದರೆ ಬ್ಲ್ಯಾಡರನ್ನು ಸೈಕಲ್ ಶಾಪಿಗೆ ಒಯ್ದು ಸಲ್ಯೂಷನ್ ಹಚ್ಚಿಸಬೇಕು. "ಪಂಕ್ಚರ್ ದುಡ್ಡು ಯಾರ್ ಕೊಡ್ತೀರೋ ಅವ್ರೇ ಆಡ್ರಲಾ" ಎನ್ನುತ್ತಿದ್ದರು ಡ್ರಿಲ್ ಮೇಷ್ಟ್ರು. ಕೊಡುವವರಿರಲಿಲ್ಲ. ಚೆಂಡು ವಾಪಸ್ ಬೀರು ಸೇರುತ್ತಿತ್ತು.

ಲೀಗ್ ಗೆದ್ದವರ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೂ ಮೇಷ್ಟ್ರ ಮಾತೇ ಕೇಳಿಸುತ್ತದೆ. ಕೋಲ್ಕತ್ತದ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಹಳೆಯ ಕ್ಲಬ್ಬುಗಳು, ಅವಕ್ಕೆ ಊರೇ ಬೆನ್ನಿಗಿತ್ತು. ಉಳಿದಂತೆ ಸಾಲ್ಗಾಂವ್‌ಕರ್, ಡೆಂಪೊ ಎಂದರೆ ಗೋವಾದ ಗಣಿ ಧಣಿಗಳ ಮನೆತನದ ಹೆಸರುಗಳು. 2005–06ರಲ್ಲಿ ಗೆದ್ದ ಮಹೀಂದ್ರ ಯುನೈಟೆಡ್ ಜೀಪು, ಟ್ರ್ಯಾಕ್ಟರು ಮಾಡುವವರ ತಂಡ. ಎರಡು ರಾಷ್ಟ್ರೀಯ ಲೀಗ್, ಅದರ ಜಾಗಕ್ಕೆ ಬಂದ ಐ-ಲೀಗ್ ಮೂರು, ಒಟ್ಟು ಐದು ಸಲ ಡೆಂಪೊ ಚಾಂಪಿಯನ್. ಆಟ ಚೆನ್ನಾಗಿಲ್ಲದೆ ಯಾರೂ ಗೆಲ್ಲಲಿಲ್ಲ, ಒಪ್ಪುತ್ತೇನೆ. ಆದರೆ ಯಜಮಾನನ ಮನಸ್ಸು ತಿರುಗಿದ ದಿನ ಆಟ ಯಾರನ್ನೂ ಉಳಿಸಲಿಲ್ಲ. ಮಹೀಂದ್ರ 2010ರಲ್ಲಿ ತಂಡ ಮುಚ್ಚಿತು. ಮೊದಲ ಚಾಂಪಿಯನ್ ಜೆ.ಸಿ.ಟಿ. 2011ರಲ್ಲಿ ಬಾಗಿಲು ಹಾಕಿತು. ಗೋವಾದ ದೊಡ್ಡ ಕ್ಲಬ್ಬುಗಳು 2016ರಲ್ಲಿ ಐ-ಲೀಗಿನಿಂದ ಹೊರನಡೆದವು.

ನಮ್ಮ ರಾಜ್ಯದ ಪಾಲೇನು? ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ಎರಡೂ ಈ ಲೀಗುಗಳಲ್ಲಿ ಆಡಿದವು, ಒಂದನ್ನೂ ಗೆಲ್ಲಲಿಲ್ಲ. ಆದರೂ ಆ ಕಾರ್ಖಾನೆಗಳ ಲೆಕ್ಕ ಬೇರೆ. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದ ಕಡೆಯ ಹುಡುಗರಿಗೆ ಚೆಂಡು ಒದೆಯುವುದು ಬಂದರೆ ನೌಕರಿ ಸಿಗುತ್ತಿತ್ತು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ವಯಸ್ಸಾದ ಮೇಲೆ ಪಿಂಚಣಿ. ಕಪ್ಪಿಗಿಂತ ಅದು ಕಡಿಮೆಯೆಂದು ನನಗನಿಸುವುದಿಲ್ಲ. ಅಂತರರಾಜ್ಯ ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ ನಾಲ್ಕು ಸಲ ಗೆದ್ದದ್ದೂ ಆ ಹಳೆಯ ಕಾಲದಲ್ಲೇ. ಕೊನೆಯದು 1968–69ರದು.

ಆಮೇಲೆ ಉಕ್ಕಿನ ಕಂಪನಿ ಬಂತು. ಜಿಂದಾಲ್ ಗುಂಪಿನ ಜೆ.ಎಸ್.ಡಬ್ಲ್ಯು. 2013ರಲ್ಲಿ ಬೆಂಗಳೂರು ಎಫ್.ಸಿ. ಕಟ್ಟಿತು. ನಾನಾಗ ಪೀಣ್ಯದ ಕಡೆ ಕೆಲಸದಲ್ಲಿದ್ದೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಹೋದರೆ, ನೀಲಿ ಅಂಗಿ ತೊಟ್ಟ ಇಂಗ್ಲಿಷ್ ಮಾತಿನ ಹುಡುಗರು ಒಂದು ಮೂಲೆಯಲ್ಲಿ ಡ್ರಮ್ಮು ಬಡಿದು ಹಾಡುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಹಳಬರು ಬೀಡಿ ಕಚ್ಚಿಕೊಂಡು ತಮಿಳಿನಲ್ಲಿ ಬೈಯುತ್ತಿದ್ದರು. ಬೈಗುಳದವರಿಗೇ ಆಟ ಹೆಚ್ಚು ಗೊತ್ತಿತ್ತು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೇ ಹೋಗಿ ಡೆಂಪೊವನ್ನು 4–2ರಿಂದ ಸೋಲಿಸಿ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟಿತು ಈ ತಂಡ. ಪಟ್ಟಿಯಲ್ಲಿ ನಮ್ಮ ರಾಜ್ಯದ ಹೆಸರು ಮೊದಲ ಸಲ. 2016ರಲ್ಲಿ ಮತ್ತೆ. ಮುಂದಿನ ವರ್ಷ ಇಂಡಿಯನ್ ಸೂಪರ್ ಲೀಗಿಗೆ, ಅಂದರೆ ಐ.ಎಸ್.ಎಲ್.ಗೆ ಹಾರಿತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಫೈನಲ್. 117ನೇ ನಿಮಿಷದಲ್ಲಿ ಸ್ಪೇನಿನ ಡಿಮಾಸ್ ಒದ್ದ ಕಾರ್ನರಿಗೆ ಮುಂಬೈಯ ರಾಹುಲ್ ಭೇಕೆ ತಲೆ ಕೊಟ್ಟರು, ಎಫ್.ಸಿ. ಗೋವಾ ಸೋತಿತು. ಗೋಲು ಕಾದವರು ಪಂಜಾಬಿನ ಗುರ್‌ಪ್ರೀತ್, ತರಬೇತುದಾರರೂ ಸ್ಪೇನಿನವರು. ಬೆಂಗಳೂರಿನ ಹುಡುಗರೆಲ್ಲಿ ಎಂದು ಕೇಳಿದರೆ ಕೊಂಕು ಅನ್ನುತ್ತಾರೆ. ಗೆಲ್ಲಲು ಇಳಿದವನು ಊರು ಕೇಳಿ ಆಳು ಇಟ್ಟುಕೊಳ್ಳುವುದಿಲ್ಲ, ನಿಜ. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಾಗ ಆ ಡ್ರಮ್ಮು ಯಾಕೆ ಕೇಳಿಸಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಈಗ ಊರಲ್ಲಿ ಚೆಂಡಿಗೆ ಬರವಿಲ್ಲ. ಮಧುಗಿರಿ ಪೇಟೆಯಲ್ಲಿ ಲೇಸಿಲ್ಲದ, ಬ್ಲ್ಯಾಡರ್ ಬಿಚ್ಚುವ ಗೋಜಿಲ್ಲದ ಚೆಂಡು ಸಿಗುತ್ತದೆ. ಆಡುವವರು ಮಾತ್ರ ಹಿಂದಿನಷ್ಟೇ. ನನ್ನ ತಂಗಿಯ ಮಗ ಮೆಸ್ಸಿ ಹೆಸರಿನ ಅಂಗಿ ಹಾಕುತ್ತಾನೆ, ನಡುರಾತ್ರಿ ಮೊಬೈಲಿನಲ್ಲಿ ಇಂಗ್ಲೆಂಡಿನ ಲೀಗು ನೋಡುತ್ತಾನೆ, ಅಲ್ಲಿನ ಚಾಂಪಿಯನ್ನರ ಹೆಸರು ವರ್ಷದೊಡನೆ ಒಪ್ಪಿಸುತ್ತಾನೆ. ಬೆಂಗಳೂರಿನದು ಕೇಳಿದರೆ "ಛೆಟ್ರಿ ಟೀಮ್ ಅಲ್ವಾ ಮಾವ?" ಎನ್ನುತ್ತಾನೆ. ಅಷ್ಟೇ ಅವನ ಪಾಲಿನ ಬೆಂಗಳೂರು ಫುಟ್‌ಬಾಲ್.

2025ರಲ್ಲಿ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಒಪ್ಪಂದ ಕೂಡಿಬರದೆ ಐ.ಎಸ್.ಎಲ್. ಹೊತ್ತಿಗೆ ಸರಿಯಾಗಿ ಶುರುವಾಗಲೇ ಇಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದಾಗಿ ಹೇಳಿತು. ಆ ಸುದ್ದಿಯನ್ನು ಹುಡುಗನಿಗೆ ಓದಿ ಹೇಳಿದೆ.

"ಛೆಟ್ರಿಗೂ ಸಂಬಳ ಇಲ್ವಾ ಮಾವ?"

"ಇಲ್ಲ ಕಣೋ."

"ಹಂಗಾದ್ರೆ ಎಚ್.ಎ.ಎಲ್. ಕೆಲ್ಸನೇ ವಾಸಿ ಬಿಡಿ" ಎಂದು ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದ.